ಅರಗಿನ ತಟ್ಟೆ

ಬಿಂದುಮಾಧವನ ಮೇಲೆ ರೇಣುವಿಗಿದ್ದ ಸಿಟ್ಟು ಹಳೆಯದು. ಭರಣಿಯಲ್ಲಿಟ್ಟ ಉಪ್ಪಿನಕಾಯಿಯ ಹಾಗೆ ವರ್ಷ ಕಳೆದಷ್ಟೂ ಅದಕ್ಕೆ ರುಚಿ ಏರುತ್ತ ಬಂದಿತ್ತು. ಪುಣೆಯ ಖಡಕಿ ಬಜಾರಿನಲ್ಲಿ ಸೀರೆಗೆ ಫಾಲ್ ಹಚ್ಚಿ ಪಿಕೋ ಹೊಡೆದುಕೊಡುವ ಪುಟ್ಟ ಅಂಗಡಿ ಅವಳದು. ಯಂತ್ರದ ಮುಂದೆ ಕೂತರೆ ಕೈ ತನ್ನ ಪಾಡಿಗೆ ಓಡುತ್ತದೆ, ತಲೆಗೆ ಕೆಲಸವಿರುವುದಿಲ್ಲ. ಆ ಬಿಡುವಿನ ತಲೆಯಲ್ಲಿ ಅವಳು ಬಿಂದುಮಾಧವನ ನೀರಿಳಿಸಿದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ಲಕ್ಷ್ಮೀ ರಸ್ತೆಯಲ್ಲಿರುವ ಅವನ ಫ್ಯಾನು-ಬಲ್ಬುಗಳ ಅಂಗಡಿಯ ಮುಂದೆ ನಿಂತು ಬೀದಿಯೆಲ್ಲ ಕೇಳುವ ಹಾಗೆ ಬೈದಿದ್ದಳು. ಇನ್ನೊಮ್ಮೆ ಅವನ ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಎಲೆ ಬಿಟ್ಟು ಎದ್ದು ನಿಂತಿದ್ದಳು. ಎಲ್ಲ ಮನಸ್ಸಿನಲ್ಲೇ. ನಿಜವಾಗಿ ಎದುರಾದಾಗ ಬಾಯಿಂದ ಬರುತ್ತಿದ್ದದ್ದು, "ಆರಾಮ ಇದ್ದೀರಿ ಕಾಕಾ?" ಎಂಬ ಮಾತು ಮಾತ್ರ. ಆಮೇಲೆ ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಇಷ್ಟೆಲ್ಲ ಹಗೆಗೆ ಕಾರಣ ಹೊಲವಲ್ಲ, ಮನೆಯಲ್ಲ. ಹಾಡಿನ ರೆಕಾರ್ಡುಗಳು.

ಅವಳ ಅಪ್ಪ ಫಕೀರಪ್ಪ ಗದಗದ ಕಡೆಯಿಂದ ಬಂದು ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದವನು. ಕ್ವಾರ್ಟರ್ಸಿನ ಗೋಡೆಯಾಚೆ ಒಬ್ಬ ಆಂಗ್ಲೋ-ಇಂಡಿಯನ್ ಫೋರ್‌ಮನ್ ಇದ್ದ. ಶನಿವಾರ ಸಂಜೆಯಾದರೆ ಆ ಮನೆಯಿಂದ ಅಮೇರಿಕದ ಸೋಲ್ ಹಾಡುಗಳು ಗೋಡೆ ಹಾರಿ ಬರುತ್ತಿದ್ದವು. ಅಲ್ಲಿಯ ಕಪ್ಪು ಜನ ಚರ್ಚಿನಲ್ಲಿ ದೇವರಿಗೆ ಹಾಡುತ್ತಿದ್ದ ಧಾಟಿಯನ್ನು ಬೀದಿಗೆ ತಂದು, ಬಿಟ್ಟುಹೋದ ಗಂಡನಿಗೂ ಕೈಗೆ ಸಿಗದ ಗೆಳತಿಗೂ ಹಾಡಿದ ಹಾಡುಗಳು ಅವು. ಫಕೀರಪ್ಪನ ಇಂಗ್ಲಿಷು ಆಫೀಸಿನ ಕಾಗದಗಳಿಗೆ ಸಾಲುವಷ್ಟು, ಅಷ್ಟೇ. ಆದರೆ ಅವನು ಏಕತಾರಿ ಹಿಡಿದು ತತ್ವಪದ ಹಾಡುವವರ ನಡುವೆ ಬೆಳೆದವನು. ಹಾಡುವವಳು ನಿಲ್ಲಿಸಿದ ಕಡೆ ಹಿಂದಿನವರು ಸೊಲ್ಲು ಎತ್ತಿಕೊಳ್ಳುವುದು ಕಿವಿಗೆ ಬಿದ್ದದ್ದೇ, ಕೈಯಲ್ಲಿದ್ದ ಚಹಾ ಆರುವವರೆಗೂ ಗೋಡೆಗೆ ಒರಗಿ ನಿಂತುಬಿಟ್ಟ. ಮುಂದೆ ಆ ಫೋರ್‌ಮನ್ ಸಂಸಾರ ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಾಗ ಅಕ್ಕಪಕ್ಕದವರೆಲ್ಲ ಮಂಚ ಕಪಾಟು ಹೊತ್ತು ತಂದರೆ, ಫಕೀರಪ್ಪ ಒಂದು ಪ್ಲೇಯರ್ ಮತ್ತು ಒಂದು ಪೆಟ್ಟಿಗೆ ರೆಕಾರ್ಡು ಹೊತ್ತು ತಂದ. ಹೆಂಡತಿ ಕಾಶವ್ವ ಆ ವಾರವೆಲ್ಲ ಅವನ ಜೊತೆ ಮಾತಾಡಲಿಲ್ಲ.

ಅಲ್ಲಿಂದ ಶುರುವಾದ ಹುಚ್ಚು ಬಿಡಲಿಲ್ಲ. ರವಿವಾರ ಬಂತೆಂದರೆ ಜೂನಾ ಬಜಾರಿನ ಗುಜರಿ ರಾಶಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹುಡುಕುವುದು, ದಂಡಿನ ಬಂಗಲೆ ಖಾಲಿಯಾಗುತ್ತದೆಂದು ಸುದ್ದಿ ಬಂದರೆ ಸೈಕಲ್ ಹತ್ತುವುದು. ಸಿಕ್ಕಿದ ರೆಕಾರ್ಡನ್ನೆಲ್ಲ ಅವನು ತರುತ್ತಿರಲಿಲ್ಲ. ಕುಣಿಸುವ ಹಾಡು ಅವನಿಗೆ ಬೇಡ, ಕೂರಿಸುವ ಹಾಡು ಬೇಕು. ಆರ್ಗನ್ ಮೆಲ್ಲಗೆ ತೆರೆದುಕೊಂಡು, ಕಹಳೆಗಳು ಹಿಂದಿನಿಂದ ಒಂದೇ ಏಟು ಹಾಕಿ ಸುಮ್ಮನಾಗಿ, ಆ ಮೌನದಲ್ಲಿ ಹಾಡುವವಳ ಉಸಿರು ಕೇಳಬೇಕು.

ಅವರೆಲ್ಲರೊಳಗೆ ಅವನ ಪ್ರಾಣ ವರ್ನೆಲ್ ಟಾಲಿವರ್ ಎಂಬಾಕೆ. ಅವಳದು ಮನೆಯಲ್ಲಿದ್ದದ್ದು ಒಂದೇ ರೆಕಾರ್ಡು. ಮನೆ ಬಿಟ್ಟು ಹೊರಟ ಗಂಡನಿಗೆ, ಹೋಗುವುದಾದರೆ ಹೋಗು, ಅಡುಗೆಮನೆಯ ದೀಪ ಮಾತ್ರ ಆರಿಸಬೇಡ ಎಂದು ಹಾಡುತ್ತಾಳೆ. ಕೊನೆಕೊನೆಗೆ ಪದಗಳನ್ನೆಲ್ಲ ಕೆಳಗಿಟ್ಟು ಬರೀ ಒಂದು 'ಓ' ಹಿಡಿದುಕೊಂಡು ನಿಲ್ಲುತ್ತಾಳೆ. ಫಕೀರಪ್ಪ ಅವಳನ್ನು ವರ್ನವ್ವ ಎಂದೇ ಕರೆಯುತ್ತಿದ್ದ. ಪ್ರತಿ ಸಲ ಆ 'ಓ' ಬಂದಾಗ ಬೆರಳೆತ್ತಿ ಹೇಳುತ್ತಿದ್ದ.

"ಕೇಳು ರೇಣಾ. ಈಕಿ ಗಂಟಲಿಂದ ಹಾಡಂಗಿಲ್ಲ. ಹಸಿವು ಎಲ್ಲಿ ಕುಂದರತದಲ್ಲ, ಅಲ್ಲಿಂದ ಹಾಡ್ತಾಳ."

"ನಿಮ್ಮ ವರ್ನವ್ವಗ ಹಸಿವಾಗಿದ್ರ ಎರಡ ರೊಟ್ಟಿ ಕೊಡೂಣು, ಕರಕೊಂಡ ಬರ್ರಿ," ಎಂದು ಕಾಶವ್ವ ಒಳಗಿನಿಂದ ಕುಟುಕುತ್ತಿದ್ದಳು. ಆದರೆ ಆ ಹಾಡು ಮುಗಿಯುವವರೆಗೆ ಲಟ್ಟಣಿಗೆ ಸದ್ದು ಮಾಡುತ್ತಿರಲಿಲ್ಲ ಎಂಬುದು ಮಗಳಿಗೆ ಗೊತ್ತಿತ್ತು.

ಬಿಂದುಮಾಧವ ಆ ಮನೆಗೆ ಬಂದದ್ದು ಪ್ಲೇಯರಿನ ಮೋಟಾರು ಕೆಟ್ಟಾಗ, ರಿಪೇರಿಗೆ. ಧಾರವಾಡದವನು, ನಮ್ಮ ಭಾಷೆಯವನು ಎಂದು ಕಾಶವ್ವ ಗಿರಮಿಟ್ ಮಾಡಿ ಕೊಟ್ಟಳು. ಆಮೇಲೆ ಅವನು ರಿಪೇರಿ ಇಲ್ಲದೆಯೂ ಬರತೊಡಗಿದ. ಅಣ್ಣಾ ಎಂದು ಫಕೀರಪ್ಪನ ಕಾಲ ಬಳಿ ಕೂತು ಕೇಳಿದ, ಕಲಿತ, ವೈನಿ ಎಂದು ಕಾಶವ್ವನ ಕೈಯಡುಗೆ ಉಂಡ. ಹಾಡು ಕೇಳುವ ಕಿವಿ ಅವನಿಗೆ ಇಲ್ಲದಿರಲಿಲ್ಲ, ಸುಳ್ಳು ಹೇಳಬಾರದು. ಕೇಳುವುದಕ್ಕಿಂತ ಇಟ್ಟುಕೊಳ್ಳುವ ಆಸೆ ಹೆಚ್ಚಾಗಿತ್ತು, ಅಷ್ಟೇ.

ಒಂದು ಕೆಲಸ ಮಾತ್ರ ಅವನು ಕಲಿಯಲಿಲ್ಲ. ರೆಕಾರ್ಡು ತೊಳೆಯುವುದು. ಅದು ರೇಣು ಮತ್ತು ಕಾಶವ್ವ ಬಚ್ಚಲ ಕಟ್ಟೆಯ ಮೇಲೆ ಮಾಡುತ್ತಿದ್ದ ಕೆಲಸ. ಪ್ಲಾಸ್ಟಿಕ್ಕಿನವು ಒಂದು ಬುಟ್ಟಿಗೆ, ಹಳೆಯ ದಪ್ಪ ತಟ್ಟೆಗಳು ಇನ್ನೊಂದಕ್ಕೆ. ದಪ್ಪ ತಟ್ಟೆಗಳಿಗೆ ಅಂಟುವಾಳದ ಕಾಯಿ ನೆನೆಸಿದ ತಣ್ಣೀರು, ಹಳೆಯ ಮೆತ್ತನೆ ಧೋತರದ ತುಂಡು, ಬೇರೇನೂ ಇಲ್ಲ.

"ಇವು ಅರಗಿನ ತಟ್ಟಿ," ಎಂದು ಅಪ್ಪ ಅವಳಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದ. "ಬಡಿಗ್ಯಾ ಕಪಾಟಿಗೆ ಪಾಲಿಶ್ ಹೊಡಿತಾನಲ್ಲ, ಏನ ಮಾಡ್ತಾನ? ಅರಗು ತಂದು ಸ್ಪಿರಿಟ್‌ದಾಗ ಹಾಕಿ ಕರಗಸ್ತಾನ. ಅದ ಅರಗು ಇದು. ಇದಕ್ಕ ಸ್ಪಿರಿಟ್ ತೋರಸಬ್ಯಾಡ."

ವರ್ನವ್ವನ ರೆಕಾರ್ಡು ಅರಗಿನದು. ಅವಳು ಹಾಡುವ ಕಾಲಕ್ಕೆ ಅಮೇರಿಕದಲ್ಲಿ ಎಲ್ಲ ಪ್ಲಾಸ್ಟಿಕ್ ಆಗಿತ್ತು. ಆದರೆ ನಮ್ಮಲ್ಲಿ ಕೈಚಾವಿಯ ಗ್ರಾಮಫೋನು ಇಟ್ಟುಕೊಂಡ ಮನೆಗಳು ಇನ್ನೂ ಇದ್ದುದರಿಂದ ಹೊಸ ಹಾಡನ್ನೂ ಹಳೆಯ ಅರಗಿಗೇ ಒತ್ತುತ್ತಿದ್ದರು. ಮನೆಯಲ್ಲಿದ್ದ ಉಳಿದ ದಪ್ಪ ತಟ್ಟೆಗಳೆಲ್ಲ ತತ್ವಪದದವು; ಸೋಲ್ ಹಾಡಿನ ಅಂಥ ತಟ್ಟೆ ಹುಡುಕಿದರೂ ಸಿಗುವುದಿಲ್ಲ. ಇದೆಲ್ಲ ಬಚ್ಚಲಲ್ಲಿ ನಡೆದ ಮಾತು. ಬಿಂದುಮಾಧವ ಆ ಹೊತ್ತಿಗೆ ಪಡಸಾಲೆಯಲ್ಲಿ ಗಿರಮಿಟ್ ತಿನ್ನುತ್ತಿದ್ದ. ತೊಳೆಯುವುದು ಬಳಿಯುವುದು ಹೆಂಗಸರ ಕೆಲಸ, ಅಲ್ಲಿ ತಾನು ಕಲಿಯುವುದೇನಿದೆ ಎಂದು ಅವನು ತಿಳಿದಿದ್ದ.

ಹೀಗಿರುವಾಗ ಒಂದು ಮಳೆಗಾಲ ಫಕೀರಪ್ಪನಿಗೆ ಪಾರ್ಶ್ವವಾಯು ಬಡಿಯಿತು. ವರ್ನವ್ವನ ಹಾಡು ಕೇಳುತ್ತಾ ಕೂತವನು ಕುರ್ಚಿಯಿಂದ ಜಾರಿದ. ಬಲಗೈ ಹೋಯಿತು, ಮಾತು ಹೋಯಿತು. ಮನೆಯೆಲ್ಲ ಆಸ್ಪತ್ರೆಗೆ ಓಡಾಡುತ್ತಿದ್ದ ಹೊತ್ತಿನಲ್ಲಿ ಬಿಂದುಮಾಧವ ಬಂದು ಗೋಡೆ ಮುಟ್ಟಿ ನೋಡಿದ.

"ವೈನಿ, ಗೋಡಿ ತೇವಾ ಹಿಡದದ. ಹಿಂಗ ಬಿಟ್ರ ಎಲ್ಲಾಕ್ಕೂ ಬೂಷ್ಟು ಬರತದ. ಈ ಮಳಿಗಾಲ ಮುಗಿಯೂ ತನಕ ನಮ್ಮ ಮನ್ಯಾಗ ಇಟಗೊಂಡಿರ್ತೀನಿ. ಅಣ್ಣಾ ಎದ್ದ ಮ್ಯಾಲೆ ತಂದ ಕೊಡ್ತೀನಿ."

ಕಾಶವ್ವ ಕೈ ಮುಗಿದಳು, ಕಣ್ಣೀರು ಹಾಕಿಕೊಂಡು ಕೈ ಮುಗಿದಳು. ಅವನು ಟೆಂಪೋ ತಂದು ಗೋಡೆಯುದ್ದದ ಕಪಾಟನ್ನು ಬರಿದು ಮಾಡಿಕೊಂಡು ಹೋದ. ಮುಚ್ಚಳ ಮುಚ್ಚಿದ್ದ ಪ್ಲೇಯರಿನೊಳಗೆ ವರ್ನವ್ವ ಉಳಿದುಹೋದದ್ದು ಅವನ ಕಣ್ಣಿಗೆ ಬೀಳಲಿಲ್ಲ.

ಮಳೆಗಾಲ ಮುಗಿಯಿತು, ರೆಕಾರ್ಡು ಬರಲಿಲ್ಲ. ಫಕೀರಪ್ಪ ಹಾಸಿಗೆಯಲ್ಲಿ ಮಲಗಿಯೇ ಎಡಗೈಯ ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸುತ್ತಿದ್ದ. ರೆಕಾರ್ಡು ಹಚ್ಚು ಎಂದರ್ಥ. ಉಳಿದ ಒಂದನ್ನು ಹಚ್ಚುತ್ತಿದ್ದರು. ಅವನು ಕೇಳುತ್ತಿದ್ದ, ಮುಗಿದ ಮೇಲೆ ಬರಿದಾದ ಕಪಾಟಿನ ಕಡೆ ನೋಡುತ್ತಿದ್ದ, ಮತ್ತೆ ಬೆರಳು ಸುತ್ತಿಸುತ್ತಿದ್ದ. ರೇಣು ಲಕ್ಷ್ಮೀ ರಸ್ತೆಗೆ ಹೋಗಿ ಹೋಗಿ ಚಪ್ಪಲಿ ಸವೆಸಿದಳು. ಒಂದು ಸಲ ಅವನು ಮನೆ ಬಣ್ಣ ಮಾಡಿಸುತ್ತಿದ್ದ, ಒಂದು ಸಲ ಊರಿಗೆ ಹೊರಟಿದ್ದ. ಕೊನೆಯ ಸಲ ಗಿರಾಕಿಗೆ ಬಲ್ಬು ಉರಿಸಿ ತೋರಿಸುತ್ತಲೇ ಹೇಳಿದ.

"ಹುಚ್ಚಿ, ಅವನ್ನೆಲ್ಲಾ ಅಣ್ಣಾ ನನಗ ಕೊಟ್ಟಾನ. ತನ್ನ ಕೈಯಾರೆ ಕೊಟ್ಟಾನ. ಇನ್ನ ಹಚ್ಚಿದ್ರರ ಈಗ ಅಣ್ಣಾಗ ಏನ ತಿಳಿತದ?"

ಫಕೀರಪ್ಪ ಬೆರಳು ಸುತ್ತಿಸುತ್ತಲೇ ಸತ್ತ. ಮಣ್ಣು ಕೊಡುವ ದಿನ ಬಿಂದುಮಾಧವ ಬಂದು ಎಲ್ಲರಿಗಿಂತ ಜೋರಾಗಿ ಅತ್ತ. ಆ ಅಳು ನೋಡಿದಾಗ ರೇಣುವಿಗೆ ಮೈಯೆಲ್ಲ ಉರಿಯಿತು.

*

ವರ್ಷಗಳು ಕಳೆದವು. ಕ್ವಾರ್ಟರ್ಸು ಬಿಟ್ಟ ಮೇಲೆ ಕೊಂಡ ಅವರ ಮನೆಯ ಮಹಡಿಯ ಮೇಲೆ ಈಗ ಸಿಂಧೂರ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಮೈಸೂರಿನ ಕಡೆಯವಳು, ಹಡಪಸರದಲ್ಲಿ ಕಂಪ್ಯೂಟರ್ ಕೆಲಸ. ಸೀರೆ ಉಡುವುದು ವರ್ಷಕ್ಕೊಮ್ಮೆಯಾದರೂ ಹರಟೆಗೆಂದು ರೇಣುವಿನ ಅಂಗಡಿಗೆ ಬಂದು ಕೂರುತ್ತಾಳೆ. ಒಂದು ದಿನ ಮೊಬೈಲು ಮುಂದೆ ಹಿಡಿದಳು.

"ಆಂಟಿ, ಇವ್ರನ್ನ ನೋಡಿ. ಕೋರೆಗಾಂವ್ ಪಾರ್ಕಲ್ಲಿ ಒಂದು ಕೆಫೆ ಇದೆ, ಸಂಡೆ ಮಧ್ಯಾಹ್ನ ಅಲ್ಲಿ ರೆಕಾರ್ಡ್ಸ್ ಪ್ಲೇ ಮಾಡ್ತಾರೆ. ಫುಲ್ ಸೋಲ್ ಮ್ಯೂಸಿಕ್. ನಮ್ ಕನ್ನಡದವ್ರೇ ಅಂತೆ. ಎಂಥ ಕಲೆಕ್ಷನ್ ಗೊತ್ತಾ!"

ಪರದೆಯ ಮೇಲೆ ಬಿಂದುಮಾಧವ. ಕೂದಲು ಬೆಳೆಸಿ ಹಿಂದಕ್ಕೆ ಕಟ್ಟಿದ್ದ, ಮೈಮೇಲೆ ಬಿಳಿ ಲಿನನ್ ಕುರ್ತಾ. ಒಂದು ರೆಕಾರ್ಡನ್ನು ತಿರುಗುವ ಪೀಠದ ಮೇಲಿಟ್ಟು, ಅತ್ತರಿನ ಬಾಟಲಿಯಂಥ ಬಾಟಲಿಯಿಂದ ಏನನ್ನೋ ಸುರಿದು, ಬ್ರಷ್ಷಿನಿಂದ ಉಜ್ಜಿ, ಬಿಳಿ ಬಟ್ಟೆಯಿಂದ ಒರೆಸಿದ. ಹಾಡು ಶುರುವಾಯಿತು. ಹಾಡುವವಳು ದನಿ ಎತ್ತಿದಾಗ ಬೆರಳೆತ್ತಿ, ಕಣ್ಣು ಮುಚ್ಚಿ, ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ. ಇದು ಗಂಟಲಿನಿಂದ ಬರುವ ಹಾಡಲ್ಲ, ಹಸಿವು ಎಲ್ಲಿ ಕೂರುತ್ತದೋ ಅಲ್ಲಿಂದ ಬರುವ ಹಾಡು. ಜನ ಚಪ್ಪಾಳೆ ತಟ್ಟಿದರು.

ಅವನು ರೆಕಾರ್ಡುಗಳನ್ನು ನುಂಗಿ ನೀರು ಕುಡಿದದ್ದು ರೇಣುವಿಗೆ ಹಳೆಯ ನೋವು. ಆದರೆ ಅಪ್ಪನ ಮಾತು, ಅಪ್ಪನ ಎತ್ತಿದ ಬೆರಳು? ಸತ್ತವನ ಬಾಯೊಳಗೆ ಕೈ ಹಾಕಿ ಕಿತ್ತುಕೊಂಡ ಹಾಗೆ ಕಂಡಿತು. ಇನ್ನೊಮ್ಮೆ ತೋರಿಸು ಎಂದಳು. ಎರಡನೆಯ ಸಲ ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಬಾಟಲಿಯ ಮೇಲಿತ್ತು.

"ಅದರಾಗ ಏನಿರತದ?"

"ಸ್ಪಿರಿಟ್ ಆಂಟಿ. ಸ್ಮೆಲ್ ಬರುತ್ತೆ. ಅದೇ ಅವ್ರ ಸ್ಟೈಲು, ಪ್ರತಿ ರೆಕಾರ್ಡ್‌ಗೂ ಮಾಡ್ತಾರೆ. ಅಭಿಷೇಕ ಅಂತಾರೆ ತಮಾಷೆಗೆ."

ರೇಣು ಯಂತ್ರದ ಪೆಡಲಿನಿಂದ ಕಾಲು ತೆಗೆದಳು.

"ಈ ಸಲ ಹೋದಾಗ ಅವರಿಗೆ ಹೇಳವಾ. ಫಕೀರಪ್ಪನ ಮನ್ಯಾಗ ಒಂದ ತಟ್ಟಿ ಉಳದದ, ವರ್ನವ್ವಂದು. ಅಷ್ಟ ಹೇಳು ಸಾಕು."

*

ಬಿಂದುಮಾಧವ ಬಾಕರವಡಿ ತಿಂಡಿಯ ಪೊಟ್ಟಣ ಹಿಡಿದು ಸೋಮವಾರವೇ ಬಂದ. ಕುರ್ಚಿಯಲ್ಲಿ ಕೂರುವ ಮೊದಲೇ ಕಣ್ಣು ಪ್ಲೇಯರನ್ನು ಹುಡುಕಿತು. ಕಾಶವ್ವ ಅವನ ಮುಖ ನೋಡಿ, ಅಡುಗೆಮನೆಗೆ ಹೋದಳು.

"ರೇಣಾ, ಖರೇ ಹೇಳ್ತೀನಿ, ಈ ತಟ್ಟಿ ಸಲುವಾಗಿ ನಾ ಮುಂಬೈ, ಕಲಕತ್ತಾ ಎಲ್ಲಾ ಜಾಲಾಡೀನಿ. ಅಣ್ಣಾನ ಕಡೆ ಕೇಳಿದ್ದ ಕಡೀ ಸಲ. ಎಲ್ಲಿ ಹೋತು ಅಂತ ತಲಿ ಕೆಟ್ಟಿತ್ತು."

"ಇಲ್ಲೇ ಇತ್ತು ಕಾಕಾ. ಕೊಡ್ತೀನಿ. ಒಂದ ಮಾತ ಅದ."

"ಹೇಳು, ಹೇಳು."

"ಹಚ್ಚೂಕಿಂತ ಮೊದಲ, ಎಲ್ಲಾರ ಮುಂದ, ಇದು ಫಕೀರಪ್ಪಂದು, ನಾ ಕೇಳೂದ ಕಲತದ್ದು ಅವರ ಕಡೆ ಅಂತ ಹೇಳ್ರಿ. ಮತ್ತೇನೂ ಬ್ಯಾಡ. ಉಳದವೂ ನೀವ ಇಟಗೋರಿ."

ಅವನು ಎದೆ ಮುಟ್ಟಿಕೊಂಡ. "ರಾಯರ ಆಣಿ, ಹೇಳ್ತೀನಿ. ಅಷ್ಟೂ ಹೇಳೂದಿಲ್ಲೇನು?"

"ಹಂಗಾರ ತಟ್ಟಿ ರವಿವಾರ ನಾನ ತರ್ತೀನಿ."

ಅವನಿಗೆ ಆಗಲೇ ಒಯ್ಯುವ ಆಸೆ. ಎರಡು ಸಲ ಕೇಳಿ, ಇವಳು ಬಗ್ಗದ್ದು ನೋಡಿ ಹೊರಟುಹೋದ. ಕಾಶವ್ವ ಬಂದು ಬಾಕರವಡಿಯ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಬಾಗಿಲಾಚೆ ಕಸದ ಡಬ್ಬಿಗೆ ಹಾಕಿದಳು. ಆಮೇಲೆ ಮಗಳೆದುರು ಕೂತಳು.

"ಅಂವಾ ಸ್ಪಿರಿಟ್ ಹಾಕಿ ತೊಳಿತಾನಂತ ಆ ಹುಡಗಿ ಹೇಳ್ತಿದ್ಲಲ್ಲ."

"ಹೌದು."

"ನೀ ಅಂವಗ ಹೇಳಲಿಲ್ಲ."

"ಇಲ್ಲ."

ಮುದುಕಿ ಕೈ ಚಾಚಿ ಪ್ಲೇಯರಿನ ಮುಚ್ಚಳ ಸವರಿದಳು. ಅರಗು ಎಂದರೇನು, ಸ್ಪಿರಿಟ್ ಎಂದರೇನು ಎಂದು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಗೆ, "ಒಮ್ಮೆ ಹಚ್ಚು," ಎಂದಳು. ವರ್ನವ್ವ ಹಾಡಿದಳು. 'ಓ' ಬಂದಾಗ ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಾಡು ಮುಗಿದ ಮೇಲೆ ಎದ್ದು ಹೋಗಿ ಅಂಟುವಾಳದ ಕಾಯಿ ಆರಿಸಿಟ್ಟಳು. ಶನಿವಾರ ರಾತ್ರಿ ಅವನ್ನು ನೆನೆಹಾಕಿ, ರವಿವಾರ ಆ ನೀರನ್ನು ಸೋಸಿ ಒಂದು ಸಣ್ಣ ಬಾಟಲಿಗೆ ತುಂಬಿ, ಧೋತರದ ತುಂಡಿನ ಜೊತೆ ಮಗಳ ಚೀಲದಲ್ಲಿಟ್ಟಳು.

"ಹೆಸರ ಹೇಳಿದ್ರ ಇದನ್ನ ಕೊಡು. ಹೇಳಲಿಲ್ಲಂದ್ರ ನಿನಗ ತಿಳದಂಗ ಮಾಡು."

*

ಕೆಫೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಕಪಾಟಿನ ತುಂಬ ಅಪ್ಪನ ರೆಕಾರ್ಡುಗಳು. ಸಿಂಧೂರ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಟ್ಟಿದ್ದಳು. ರೇಣು ತಟ್ಟೆಯನ್ನು ಹಳೆಯ ರೇಷ್ಮೆ ಕುಪ್ಪಸದ ಖಣದಲ್ಲಿ ಸುತ್ತಿ ತಂದಿದ್ದಳು. ಬಿಂದುಮಾಧವ ಅದನ್ನು ಬಿಚ್ಚುವ ಮೊದಲು ಕಣ್ಣಿಗೆ ಒತ್ತಿಕೊಂಡ. ಆ ಭಕ್ತಿ ಸುಳ್ಳಲ್ಲ ಎಂದು ರೇಣುವಿಗೆ ಅನ್ನಿಸಿತು, ಒಂದು ಕ್ಷಣ ಮನಸ್ಸು ಮೆತ್ತಗೂ ಆಯಿತು. ಹೇಳಿಬಿಡಲಿ ದೇವರೇ, ಹೆಸರು ಹೇಳಿಬಿಡಲಿ, ಹಾಡು ಉಳಿಯಲಿ ಎಂದುಕೊಂಡಳು. ಕೈ ಚೀಲದೊಳಗಿನ ಬಾಟಲಿಯ ಮೇಲಿತ್ತು.

ಅವನು ಎಲ್ಲ ಸಿದ್ಧತೆ ಮಾಡಿಕೊಂಡು ಬಂದಿದ್ದ. ಹಳೆಯ ವೇಗದಲ್ಲಿ ತಿರುಗುವ ಪ್ಲೇಯರ್ ತಂದಿದ್ದ, ದಪ್ಪ ಗೆರೆಗೆ ತಕ್ಕ ದಪ್ಪ ಮುಳ್ಳು ಹಾಕಿದ್ದ. ತಟ್ಟೆಯ ತೂಕ ನೋಡಿ ಒಮ್ಮೆ ಹುಬ್ಬೇರಿಸಿದ. ಆದರೆ ಆ ಕಾಲದ ಅಮೇರಿಕದ ಹಾಡೆಂದರೆ ಪ್ಲಾಸ್ಟಿಕ್ಕೇ ಎಂಬುದು ಅವನ ಗಟ್ಟಿ ನಂಬಿಕೆ. ಮೈಕನ್ನು ಕುರ್ತಾಕ್ಕೆ ಸಿಕ್ಕಿಸಿಕೊಂಡ. ಪುಣೆಯ ಜನಕ್ಕೆ ಬೇಕಾದಂತೆ ಮರಾಠಿ, ನಡುನಡುವೆ ಇಂಗ್ಲಿಷು.

"ಗೆಳೆಯರೇ, ವರ್ನೆಲ್ ಟಾಲಿವರ್. ಒಂದು ಮಳೆಗಾಲದ ಬೆಳಿಗ್ಗೆ ಜೂನಾ ಬಜಾರಿನಲ್ಲಿ, ತುಕ್ಕು ಹಿಡಿದ ಕುಕ್ಕರುಗಳ ರಾಶಿಯ ಕೆಳಗೆ, ಇವಳು ನನ್ನನ್ನೇ ಕಾಯುತ್ತಿದ್ದಳು. ಎತ್ತಿಕೊಂಡಾಗ ನನ್ನ ಕಣ್ಣಲ್ಲಿ ನೀರು ಬಂತು."

ರೇಣು ಕಾದಳು. ಆಮೇಲೆ ಹೇಳುತ್ತಾನೇನೋ, ಕೊನೆಗೆ ಹೇಳುತ್ತಾನೇನೋ. ಅವನು ಮಳೆಯ ಬಗ್ಗೆ ಹೇಳಿದ, ತನ್ನ ಕಣ್ಣೀರಿನ ಬಗ್ಗೆ ಹೇಳಿದ, ಹಸಿವು ಕೂರುವ ಜಾಗದ ಬಗ್ಗೆ ಹೇಳಿದ. ನಡುವೆ ಅವಳ ಕಡೆ ನೋಡಿ, ಬಿಡು, ಏನಾಗುತ್ತದೆ ಎಂಬಂತೆ ಮುಗುಳ್ನಕ್ಕ. ಆಮೇಲೆ ತಟ್ಟೆಯನ್ನು ತೊಳೆಯುವ ಪೀಠದ ಮೇಲಿಟ್ಟು ಬಾಟಲಿಯ ಮುಚ್ಚಳ ತೆಗೆದ.

ಇನ್ನೂ ಹೊತ್ತು ಮೀರಿರಲಿಲ್ಲ. ಒಂದು ಕೂಗು ಸಾಕಿತ್ತು, ಕಾಕಾ, ಬ್ಯಾಡ, ಅರಗು ಅದು ಎಂದರೆ ಸಾಕಿತ್ತು. ಆ ಕೂಗು ಗಂಟಲವರೆಗೆ ಬಂದದ್ದೂ ಹೌದು. ಅದರ ಜೊತೆಗೇ ಹಾಸಿಗೆಯ ಮೇಲೆ ಗಾಳಿಯಲ್ಲಿ ಸುತ್ತುವ ಬೆರಳು ಬಂತು, ಬಲ್ಬು ಉರಿಸುತ್ತ ಅಂದ ಮಾತು ಬಂತು. ರೇಣು ಚೀಲದಿಂದ ಕೈ ಹೊರಗೆ ತೆಗೆದು, ಜಿಪ್ಪು ಎಳೆದು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು.

ಸ್ಪಿರಿಟ್ ಧಾರಾಳವಾಗಿ ಬಿತ್ತು. ಪೀಠ ತಿರುಗಿತು. ಅವನು ಬ್ರಷ್ಷಿನಿಂದ ಪ್ರೀತಿಯಿಂದ, ನಿಧಾನವಾಗಿ ಉಜ್ಜಿದ. ಆಮೇಲೆ ಬಿಳಿ ಬಟ್ಟೆ ಹಚ್ಚಿದ. ಬಟ್ಟೆ ಕಪ್ಪಾಯಿತು. ಅವನು ಅದನ್ನು ಎತ್ತಿ ಸಭೆಗೆ ತೋರಿಸಿದ.

"ನೋಡಿ! ಎಷ್ಟು ವರ್ಷದ ಕೊಳೆ! ಪಾಪ, ಇವಳನ್ನು ಯಾರೂ ಸ್ನಾನವನ್ನೇ ಮಾಡಿಸಿರಲಿಲ್ಲ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಅವನು ಉಬ್ಬಿ ಇನ್ನಷ್ಟು ಸುರಿದ, ಇನ್ನಷ್ಟು ಉಜ್ಜಿದ. ಬಟ್ಟೆ ಮತ್ತೆ ಕಪ್ಪಾಯಿತು, ಬೆರಳು ಕಪ್ಪಾಯಿತು. ರೇಣುವಿಗೆ ಎದೆಯೊಳಗೆ ಕಿತ್ತು ಬರುವಷ್ಟು ನೋವಾಯಿತು. ಅದರ ಬೆನ್ನಿಗೇ, ಇಷ್ಟು ವರ್ಷ ಕಾಯ್ದ ನಾಲಿಗೆಗೆ ಒಳ್ಳೆಯ ರುಚಿ ಸಿಕ್ಕ ಹಾಗೆಯೂ ಆಯಿತು. ಎರಡನ್ನೂ ನುಂಗಿಕೊಂಡು ನೋಡಿದಳು.

ತಟ್ಟೆಯನ್ನು ಎತ್ತುವಾಗ ಅದು ಅವನ ಕೈಗೆ ಅಂಟಿತು. ಆಗಲೇ ಮುಖದ ಬಣ್ಣ ಸ್ವಲ್ಪ ಇಳಿಯಿತು. ಆದರೂ ಸಭೆ ಎದುರಿಗಿದೆ, ಮೊಬೈಲುಗಳು ಎತ್ತಿ ನಿಂತಿವೆ. ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಿದ. ಅಂಚಿನಲ್ಲಿ ಎಲ್ಲೋ ಉಳಿದಿದ್ದ ಆರ್ಗನ್ ಒಂದು ಉಸಿರಿನಷ್ಟು ಕೇಳಿಸಿತು. ಆಮೇಲೆ ಸ್ಪೀಕರುಗಳಿಂದ ಗಿರಣಿಯ ಸದ್ದು ಬಂತು. ಮುಳ್ಳು ಕಪ್ಪು ಅಂಟನ್ನು ಉತ್ತುಕೊಂಡು ಹೋಗಿ, ನಡುವೆ ಹೂತು ನಿಂತಿತು.

ಬಿಂದುಮಾಧವ ಬೆವರು ಒರೆಸಿಕೊಂಡ, ಹಣೆಯ ತುಂಬ ಮಸಿ ಬಳಿದುಕೊಂಡಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಕೆಫೆಯ ಮಾಲೀಕ ಕೇದಾರ ಎಂಬ ಹುಡುಗ ಇದೇನಾಯಿತೆಂದು ಕೇಳುತ್ತ ಎದ್ದು ಬಂದ.

"ಕಾಕಾ, ಹೇ ಕಾಯ ಝಾಲಂ?"

"ಮಾಝೀ ನಾಹೀ ಹೀ!" ಎಂದು ಕಿರುಚಿದ ಬಿಂದುಮಾಧವ. ಮೈಕು ಇನ್ನೂ ಅವನ ಎದೆಯ ಬಳಿಯೇ ಇತ್ತು. ಇದು ನನ್ನದಲ್ಲ, ಇದು ಫಕೀರಪ್ಪನದು, ಖಡಕಿಯ ಫಕೀರಪ್ಪನದು ಎಂದು ಮರಾಠಿಯಲ್ಲಿ ಒದರತೊಡಗಿದ. "ಅವರು ಯಾವುದನ್ನೂ ಸರಿಯಾಗಿ ಇಟ್ಟಿರಲಿಲ್ಲ! ಎಲ್ಲಾ ಹೀಗೇ ಇದ್ದವು! ಅವರ ಮನೆಯಿಂದ ತಂದ ಒಂದೊಂದನ್ನೂ ನಾನು ತೊಳೆದು ಬಳಿದು ದಾರಿಗೆ ತಂದಿದ್ದೇನೆ!"

"ಜೂನಾ ಬಜಾರಿನಲ್ಲಿ ಸಿಕ್ಕಿತು ಅಂದಿರಲ್ಲ ಈಗ?" ಎಂದ ಕೇದಾರ. "ಎಲ್ಲಾ ಅಂದರೆ? ಈ ಕಪಾಟಿನಲ್ಲಿರುವುದೆಲ್ಲ ಅವರದೇನು?"

ಎಷ್ಟು ಕೇಳಿದರೂ ಹೊರಡದ ಹೆಸರು ಈಗ ಬಿಂದುಮಾಧವನ ಬಾಯಿಂದಲೇ, ಮೈಕಿನಲ್ಲಿ, ತಪ್ಪು ಹೊರಿಸಲಿಕ್ಕೆಂದು ಹೊರಬಿದ್ದಿತ್ತು. ಎಲ್ಲ ಮೊಬೈಲುಗಳೂ ಅದನ್ನು ಹಿಡಿದಿಟ್ಟುಕೊಂಡಿದ್ದವು. ಅವನು ತಿರುಗಿ ರೇಣುವನ್ನು ನೋಡಿದ. ಕನ್ನಡಕ್ಕೆ ಬಂದ, ದನಿ ಇಳಿದಿತ್ತು.

"ರೇಣಾ. ನಿನಗ ಗೊತ್ತಿತ್ತೇನು?"

"ಗೊತ್ತಿತ್ತು ಕಾಕಾ. ಅರಗಿನ ತಟ್ಟಿ ಅದು. ನಮ್ಮ ಬಚ್ಚಲದಾಗ ನೀರಾಗ ತೊಳಿತಿದ್ವಿ."

"ಮತ್ತ ಹೇಳಬಾರದಾ? ಕುಂತ ನೋಡಿದಿ? ಅಣ್ಣಾನ ಹಾಡು ಅದು!"

ರೇಣು ಎದ್ದು ಖಣವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಇಷ್ಟು ವರ್ಷ ಯಂತ್ರದ ಮುಂದೆ ಕೂತು ಕಟ್ಟಿದ್ದ ಉದ್ದುದ್ದ ಬೈಗುಳಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಹೇಳಿದ್ರರ ನಿಮಗ ಏನ ತಿಳಿತದರಿ ಕಾಕಾ?" ಎಂದಳು.

ಬಲ್ಬು ಉರಿಸುತ್ತ ತಾನು ಅಂದಿದ್ದ ಮಾತು ಅವನಿಗೆ ನೆನಪಾಯಿತು. ಅದು ಅವನ ಮುಖದ ಮೇಲೆ ಕಂಡಿತು. ಅಷ್ಟು ಕಂಡ ಮೇಲೆ ರೇಣು ಅಲ್ಲಿ ನಿಲ್ಲಲಿಲ್ಲ.

*

ಸಿಂಧೂರಳ ಸ್ಕೂಟರಿನ ಹಿಂದೆ ಕೂತು ಬರುವಾಗ ರೇಣುವಿಗೆ ನಗು ತಡೆಯಲಾಗಲಿಲ್ಲ. ಮಸಿ ಬಳಿದ ಹಣೆ, ಎತ್ತಿ ತೋರಿಸಿದ ಕಪ್ಪು ಬಟ್ಟೆ! ಸಿಗ್ನಲ್ಲಿನಲ್ಲಿ ಹುಡುಗಿ ಹಿಂದಕ್ಕೆ ತಿರುಗಿ, "ಆಂಟಿ, ವಿಡಿಯೋ ಅಪ್‌ಲೋಡ್ ಮಾಡ್ಲಾ?" ಎಂದು ಕೇಳಿದಾಗ, "ಹಾಕವಾ, ಊರಿಗೆಲ್ಲಾ ಹಾಕು," ಎಂದಳು. ಹೋಳ್ಕರ ಸೇತುವೆ ದಾಟುವಾಗ ಸುಮ್ಮನೆ ಆ ಹಾಡನ್ನು ಗುನುಗಲು ನೋಡಿದಳು. ದೀಪ ಆರಿಸಬೇಡ ಎಂಬಲ್ಲಿಯವರೆಗೆ ಬಂತು. ಆ 'ಓ' ಮಾತ್ರ ಅವಳ ಗಂಟಲಿಗೆ ಸಿಗಲಿಲ್ಲ. ಅದನ್ನು ಹಿಡಿದಿಟ್ಟುಕೊಂಡಿದ್ದ ತಟ್ಟೆ ಈಗ ಎಲ್ಲೂ ಇರಲಿಲ್ಲ. ಅವಳು ಹುಡುಗಿಯ ಬೆನ್ನ ಹಿಂದೆ ಮುಖ ಮರೆಮಾಡಿಕೊಂಡು ಅತ್ತಳು.

ಮನೆಯಲ್ಲಿ ಕಾಶವ್ವ ಪ್ಲೇಯರಿನ ಪಕ್ಕದಲ್ಲೇ, ಗಂಡನ ಕುರ್ಚಿಯಲ್ಲಿ ಕೂತಿದ್ದಳು. ಚೀಲದಿಂದ ಹೊರಗೆ ಬಂದ ತುಂಬಿದ ಬಾಟಲಿಯನ್ನೂ ಬರಿದಾದ ಖಣವನ್ನೂ ನೋಡಿದಳು.

"ಹೆಸರ ಹೇಳಲಿಲ್ಲ."

"ಮೊದಲ ಹೇಳಲಿಲ್ಲ. ಆಮ್ಯಾಲೆ ಹೇಳಿದಾ, ಒದರಿ ಒದರಿ ಹೇಳಿದಾ."

"ಹಾಡು?"

"ಹೋತವ್ವಾ."

ಮುದುಕಿ ಕಣ್ಣು ಮುಚ್ಚಿದಳು. ಅತ್ತುಬಿಡುತ್ತಾಳೆ ಎಂದು ರೇಣು ಹತ್ತಿರ ಹೋದಳು.

"ಹೇಳು," ಎಂದಳು ಕಾಶವ್ವ. "ಎಲ್ಲಾ ಹೇಳು."

ರೇಣು ನೆಲದ ಮೇಲೆ ಕೂತು ಹೇಳಿದಳು. ಕುಕ್ಕರಿನ ರಾಶಿಯ ಸುಳ್ಳು ಹೇಳಿದ್ದು, ಸ್ಪಿರಿಟ್ ಸುರಿದದ್ದು, ಬಟ್ಟೆ ಕಪ್ಪಾದದ್ದು, ಜನ ಚಪ್ಪಾಳೆ ತಟ್ಟಿದ್ದು, ತಟ್ಟೆ ಕೈಗೆ ಅಂಟಿದ್ದು, ಗಿರಣಿಯ ಸದ್ದು, ಹಣೆಯ ಮಸಿ, ಮೈಕಿನಲ್ಲಿ ಕಿರುಚಿದ ಹೆಸರು. ಕಾಶವ್ವ ತಲೆ ವಾಲಿಸಿಕೊಂಡು, ಒಂದು ಮಾತೂ ನಡುವೆ ಆಡದೆ, ರವಿವಾರಗಳಲ್ಲಿ ಅವಳ ಗಂಡ ಕೇಳುತ್ತಿದ್ದ ಹಾಗೆ ಕೇಳಿದಳು. ಮಗಳ ಮಾತು ಮುಗಿಯಿತು. ಕಾಶವ್ವ ಬರಿದಾದ ಪ್ಲೇಯರಿನ ಕಡೆ ನೋಡಿದಳು, ಆಮೇಲೆ ತೋರುಬೆರಳನ್ನು ಎತ್ತಿ ಗಾಳಿಯಲ್ಲಿ ನಿಧಾನವಾಗಿ ಸುತ್ತಿಸಿದಳು.

ರೇಣು ಮತ್ತೆ ಮೊದಲಿನಿಂದ ಶುರುಮಾಡಿದಳು.